ಎರಡನೆಯ ಹುಡುಗಿಯ ದಾರಿ

ದಾದರ್ ಸ್ಟೇಷನ್ನಿನ ಹತ್ತಿರ, ಹೂವಿನ ಮಾರುಕಟ್ಟೆಯ ಹಿಂದಿನ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಆಫೀಸು. ಊರಿಂದ ಮೋಸದಿಂದ ಕರೆತಂದು ದುಡಿಮೆಗೆ ಹಚ್ಚಿದ ಮಕ್ಕಳನ್ನು ಪೊಲೀಸರ ಜೊತೆ ಹೋಗಿ ಬಿಡಿಸುವ ಸಂಸ್ಥೆ ಅದು. ನಾನು ಅಲ್ಲಿ ಸೇರಿದ್ದು ವರದಿ ಟೈಪ್ ಮಾಡಲು. ಮೂರು ವರ್ಷ ಟೈಪ್ ಮಾಡಿದೆ. ಒಂದು ವರದಿಗೂ ಇನ್ನೊಂದಕ್ಕೂ ಹೆಸರು, ಜಿಲ್ಲೆ ಬಿಟ್ಟರೆ ಬೇರೇನೂ ವ್ಯತ್ಯಾಸ ಇರುತ್ತಿರಲಿಲ್ಲ. ಕೆಲಸ ಬಿಡುವ ಯೋಚನೆ ಮಾಡಿದ್ದೆ. ಬೇಸರ ಅಂತಲೂ ಅಲ್ಲ. ಇದರಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆ ಹೋಗಿತ್ತು.

ಆಗ ಒಂದು ಬೆಳಿಗ್ಗೆ ನಮ್ಮ ಮುಖ್ಯಸ್ಥೆ ಕರೆದರು. ಅವರನ್ನು ನಾವೆಲ್ಲರೂ ‘ತಾಈ’ ಅನ್ನುತ್ತೇವೆ, ಮರಾಠಿಯಲ್ಲಿ ಅಕ್ಕ ಅಂತ. ಘಾಟ್ಕೋಪರಿನ ಒಂದು ವಸತಿ ಸೊಸೈಟಿಯಲ್ಲಿ, ಮನೆಗೆಲಸಕ್ಕೆ ಇಟ್ಟುಕೊಂಡಿದ್ದ ಹುಡುಗಿಯೊಬ್ಬಳನ್ನು ಹಿಂದಿನ ದಿನ ಬಿಡಿಸಿದ್ದರು. ಬಾಲ್ಕನಿಯಲ್ಲಿ ಕೂಡಿಹಾಕಿದ್ದನ್ನು ಎದುರು ಮನೆಯ ಹೆಂಗಸು ನೋಡಿ ದೂರು ಕೊಟ್ಟಿದ್ದಳು.

“ಬಾಯೇ ಬಿಡುತ್ತಿಲ್ಲ. ಮೂಗಿ ಅಂದುಕೊಂಡಿದ್ವಿ. ರಾತ್ರಿ ನಿದ್ದೆಯಲ್ಲಿ ಏನೋ ಕನ್ನಡದಲ್ಲಿ ಅಂದಳಂತೆ. ನೀನು ಹೋಗು,” ಅಂದರು ತಾಈ.

ಹೋದೆ. ಮಕ್ಕಳ ಗೃಹದ ಮೂಲೆಯ ಕೋಣೆಯಲ್ಲಿ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಹನ್ನೆರಡು ವರ್ಷ ಇರಬಹುದು. ಕೈಗಳು ಸಾಬೂನಿಗೆ ಬಿರಿದಿದ್ದವು. ಏನು ಕೇಳಬೇಕೋ ತಿಳಿಯದೆ, ನಮ್ಮಜ್ಜಿ ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದ ಮಾತನ್ನೇ ಕೇಳಿದೆ.

“ಊಟ ಆತೇನವ್ವಾ?”

ತಲೆ ಎತ್ತಿ ನೋಡಿದಳು. “ನೀವು ನಮ್ಮ ಕಡ್ಯಾರೇನ್ರೀ?”

“ಹೌದವ್ವಾ. ನಮ್ಮಪ್ಪಾರು ಧಾರವಾಡದಾವ್ರು. ನಾ ಬೆಳೆದದ್ದು ಇಲ್ಲೇ.”

ಆಮೇಲೆ ನಿಧಾನಕ್ಕೆ ಎಲ್ಲ ಹೇಳಿದಳು. ವಿಜಯಪುರ ಕಡೆಯ ಊರು, ಬಿಟ್ಟುಬಂದ ಸಾಲಿ, ಎಂಟು ತಿಂಗಳಿಂದ ತಿಕ್ಕಿದ ಪಾತ್ರೆ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ನಿನ್ನನ್ನು ಮುಂಬಯಿಗೆ ಕರೆತಂದವರು ಯಾರು? ಮೂರನೆಯ ದಿನ ನನ್ನ ಸೆರಗಿನ ಅಂಚು ಹಿಡಿದುಕೊಂಡು ಅಂದಳು: “ಹೇಳಿದ್ರ ಆಕೀನ್ನ ಹೊಡೀತಾರ್ರೀ.”

“ಯಾರನ್ನ?”

“ನಮ್ಮ ತಂಗೀನ್ರೀ. ಕಾಕಾನ ಮಗಳು. ಒಂಬತ್ತು ವರ್ಷದಾಕಿ.”

ಇಬ್ಬರನ್ನೂ ಕರೆತಂದವಳು ಸ್ವಂತ ಸೋದರತ್ತೆ. ದೊಡ್ಡ ಸಾಲಿಗೆ ಹಚ್ಚತೇನಿ ಅಂದಿದ್ದಳಂತೆ. ಮುಂಬಯಿಯಲ್ಲಿ ಇಳಿದ ದಿನ ಮೊದಲು ಚಿಕ್ಕವಳನ್ನು ಒಂದು ಕಡೆ ಬಿಟ್ಟು, ಆಮೇಲೆ ಇವಳನ್ನು ಘಾಟ್ಕೋಪರಿಗೆ ತಂದು ಬಿಟ್ಟಿದ್ದಳು.

“ಎಲ್ಲಿ ಬಿಟ್ಟಳು, ನೆನಪೈತೇನು?”

ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. “ಟೇಸನ್ನಿನ ಹೆಸರು ನಮ್ಮೂರ ಜೋಗವ್ವನ ಹೆಸರಿನಂಗ ಐತ್ರೀ. ಇಳದ ಮ್ಯಾಲೆ ಗುಡ್ಡದ ಕಡೆ ನಡೀಬೇಕು. ಪ್ಲಾಸ್ಟಿಕ್ ಸುಟ್ಟ ವಾಸನಿ ಬರತೈತಿ. ಕೆಳಗ ಮಷೀನು ಧಡಧಡ ಅಂತಿರತೈತಿ. ಬಾಜೂಕ ಕಬ್ಬಿಣದ ಪಾವಟಿಗಿ, ಹನ್ನೊಂದು. ಮ್ಯಾಲೆ ನೀಲಿ ಬಾಗಲಾ. ಒಳಗ ಹುಡುಗ್ಯಾರು ತಲಿ ಕ್ಲಿಪ್ಪಿಗೆ ಹರಳು ಅಂಟಸ್ತಾರ.”

“ಇಷ್ಟೆಲ್ಲಾ ಹೆಂಗ ನೆನಪಿಟ್ಟೀ?”

“ದಿನಾ ಭಾಂಡೆ ತಿಕ್ಕೂ ಮುಂದ ಅಂದಕೋತಿದ್ನಿರಿ. ನಾ ಮರತ್ರ ಆಕಿ ಹೋದ್ಲು.”

ನಾನು ಹುಟ್ಟಿ ಬೆಳೆದದ್ದು ಜೋಗೇಶ್ವರಿಯ ಚಾಳಿನಲ್ಲಿ. ಆ ಹೆಸರಿನಲ್ಲಿ ಜೋಗವ್ವ ಇದ್ದಾಳೆ ಎಂದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಅಂಥ ಕಬ್ಬಿಣದ ಮೆಟ್ಟಿಲುಗಳ ಪಕ್ಕದಲ್ಲೇ ಶಾಲೆಗೆ ನಡೆದಿದ್ದೆ. ಮೇಲೆ ಯಾರಿರುತ್ತಾರೆ ಎಂದು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ತಾಈ ಮತ್ತು ನಾನು ಎರಡು ಮಧ್ಯಾಹ್ನ, ಅಂಗಡಿಗೆ ಸಗಟು ಕ್ಲಿಪ್ಪು ಹುಡುಕುವವರ ಹಾಗೆ ಆ ಗಲ್ಲಿಗಳಲ್ಲಿ ಅಲೆದೆವು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಮಷೀನಿನ ಸದ್ದು ಹಿಡಿದು ಹೋದಾಗ ಮೆಟ್ಟಿಲು ಕಂಡವು. ಕೆಳಗಿಂದಲೇ ಎಣಿಸಿದೆ, ಹನ್ನೊಂದು. ಬಾಗಿಲು ಮಾತ್ರ ಹಸಿರು. ತಾಈ ಮೊಣಕೈಯಿಂದ ತಿವಿದು ತೋರಿಸಿದರು: ಬಣ್ಣ ಎದ್ದ ಕಡೆ ಒಳಗಿನ ನೀಲಿ ಇಣುಕುತ್ತಿತ್ತು. ಅಲ್ಲಿ ನಿಲ್ಲದೆ ಹೊರಟೆವು.

ಮರುದಿನ ಬೆಳಿಗ್ಗೆ ಪೊಲೀಸರು ಮೇಲೆ ಹೋದರು. ನಾನು ಕೆಳಗೆ ಜೀಪಿನ ಪಕ್ಕ ನಿಂತಿದ್ದೆ. ನಾಲ್ಕು ಹುಡುಗಿಯರು ಸಾಲಾಗಿ ಇಳಿದು ಬಂದರು. ಕೊನೆಯವಳು ಎಲ್ಲರಿಗಿಂತ ಚಿಕ್ಕವಳು, ಬೆರಳುಗಳ ಮೇಲೆ ಗೋಂದು ಒಣಗಿ ಬಿಳಿಯ ಸಿಪ್ಪೆಯಾಗಿತ್ತು. ಅವಳು ಅಳಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಕೇಳಿದಳು, “ಅಕ್ಕ ಎಲ್ಲದಾಳ್ರೀ?”

ಆ ಸಂಜೆ ಇಬ್ಬರೂ ಎದುರಾದಾಗ ನಾವೆಲ್ಲ ಏನೇನೋ ನಿರೀಕ್ಷಿಸಿ ನಿಂತಿದ್ದೆವು. ಚಿಕ್ಕವಳು ದೊಡ್ಡವಳನ್ನು ಮೇಲಿಂದ ಕೆಳಗೆ ನೋಡಿ, “ಕೂದಲಾ ಯಾಕ ಕತ್ತರಿಸ್ಕೊಂಡೀ?” ಅಂದಳು. “ಆ ಮನಿಯವ್ರ ಕತ್ತರಿಸ್ಯಾರ. ಮತ್ತ ಬರ್ತಾವ ಬಿಡು,” ಅಂದಳು ದೊಡ್ಡವಳು. ನಂತರ ಪಕ್ಕಪಕ್ಕ ಕುಳಿತು ಊಟ ಮಾಡಿದರು.

ಅತ್ತೆ ಸಿಕ್ಕಿಬಿದ್ದಳು. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಸಾಕ್ಷಿ. ದೊಡ್ಡವಳು ಅಮ್ಮನ ಜೊತೆ ಊರಿಂದ ಬಂದಳು, ನಾನು ಅವಳ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಇದನ್ನೆಲ್ಲ ಯಾರು ಕಲಿಸಿಕೊಟ್ಟರು ಎಂದು ಎದುರು ವಕೀಲರು ಮತ್ತೆ ಮತ್ತೆ ಕೇಳಿದರು. ಅವಳು ಪ್ರತಿ ಸಲವೂ ಅದೇ ದನಿಯಲ್ಲಿ, “ಯಾರೂ ಕಲಿಸಿಲ್ರೀ, ನಾ ನೋಡೀನಿ,” ಅಂದಳು. ಅತ್ತೆಗೆ ಶಿಕ್ಷೆಯಾಯಿತು.

ಎಲ್ಲವೂ ಹೀಗೇ ಮುಗಿಯಲಿಲ್ಲ. ಆ ನಾಲ್ವರಲ್ಲಿ ಒಬ್ಬಳು ಊರಿಗೆ ಹೋದ ವರ್ಷದೊಳಗೆ ಮತ್ತೆ ಕಾಣೆಯಾದಳು. ಅವಳ ಫೈಲು ಇನ್ನೂ ನನ್ನ ಟೇಬಲಿನ ಮೇಲಿದೆ. ಮಳೆಗಾಲದಲ್ಲಿ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಅವಳ ಜಿಲ್ಲೆಯ ಠಾಣೆಗೆ ಪತ್ರ ಬರೆಯುತ್ತೇನೆ.

ಕಳೆದ ತಿಂಗಳು ದೊಡ್ಡವಳ ಫೋನ್ ಬಂತು. ಈಗ ತಾಲೂಕಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಭಾನುವಾರದ ರಜೆಗೆ ಊರಿಗೆ ಹೋಗಿದ್ದಾಗ, ಪುಣೆಯಲ್ಲಿ ಹೊಲಿಗೆ ಕಲಿಸುವ ಕಡೆ ಸೇರಿಸುತ್ತೇನೆ ಎಂದು ಒಬ್ಬ ಹೆಂಗಸು ಅವರ ಓಣಿಗೆ ಬಂದಿದ್ದಳಂತೆ. ಒಂದು ಮನೆಯವರು ಏಳನೆಯ ಕ್ಲಾಸಿನ ಮಗಳ ಬಟ್ಟೆಯನ್ನೂ ಕಟ್ಟಿದ್ದರಂತೆ.

“ನಾ, ನಮ್ಮ ಸಾಲಿ ಕಲಿಸೋ ಬಾಯಾರು, ಅಂಗನವಾಡಿ ಅಕ್ಕಾರು, ಮೂರೂ ಮಂದಿ ಹೋದ್ವಿರಿ. ಆಧಾರ್ ತೋರಿಸ್ರಿ, ಹೊಲಿಗಿ ಕಲಿಸೋರ ಜೋಡಿ ಫೋನಿನ್ಯಾಗ ಮಾತಾಡಸ್ರಿ ಅಂದ್ವಿ. ಚಾ ಕುಡಿಯೂದು ಬಿಟ್ಟು ಬಸ್ ಹತ್ತಿದಳ್ರೀ.”

“ಹುಡುಗಿ?”

“ನಾಳೆ ಸಾಲಿಗೆ ಹೋಗ್ತಾಳ್ರೀ. ಆದ್ರ ಆ ಹೆಂಗಸು ಬಾಜೂ ಊರಿಗೆ ಹೋದ್ರ? ಠಾಣೆಗೆ ಅರ್ಜಿ ಕೊಡಬೇಕ್ರೀ. ಹೆಂಗ ಬರೀಲಿ, ಹೇಳ್ರಿ.”

ನಾನು ವಾಕ್ಯ ವಾಕ್ಯವಾಗಿ ಹೇಳಿದೆ, ಅವಳು ಬರೆದುಕೊಂಡಳು. ಬರೆದ ಮೇಲೆ ಓದಿ ತೋರಿಸಿದಳು. ನಾನು ಹೇಳಿದ್ದರಲ್ಲಿ ಎರಡು ವಾಕ್ಯ ಬದಲಿಸಿದ್ದಳು. ಅವಳು ಬರೆದದ್ದೇ ಸರಿಯಾಗಿತ್ತು.