ಹೆಸರು ಓದಿಸುವ ಭಾಗಣ್ಣ

ನಮ್ಮ ಭಂಕೂರಿನ ಭಾಗಣ್ಣ ರವಿವಾರ ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಯ ಮೇಲೆ ಸಿನಿಮಾ ತೋರಿಸುತ್ತಾನೆ. ಹಾಡಿಲ್ಲ, ಹೊಡೆದಾಟವಿಲ್ಲ, ಅದರೊಳಗಿನ ಒಬ್ಬ ಮುದುಕ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಊರಿಗೆ ನಿದ್ದೆ. "ಯಣ್ಣಾ, ಮುದುಕ ಸತ್ತಾನೇನ್ ನೋಡಪಾ," ಎಂದು ನೆರೆಮನೆಯ ಅನಸುಬಾಯಿ ಚೇಷ್ಟೆ ಮಾಡುತ್ತಾಳೆ. "ಸುಮ್ ಕುಂದ್ರವಾ, ಅಂವ ಇಚಾರ ಮಾಡಾಕತ್ತಾನ," ಎನ್ನುತ್ತಾನೆ ಭಾಗಣ್ಣ. ಕೊನೆಗೆ ಸಿನಿಮಾದಲ್ಲಿ ದುಡಿದವರ ಹೆಸರು ಬಂದಾಗ ಎಲ್ಲರೂ ಕೂಡಿ ಗಟ್ಟಿಯಾಗಿ ಓದಲೇಬೇಕು. ಅಲ್ಲಿಯವರೆಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಮೊನ್ನೆ, ಎರಡು ವರ್ಷದ ಹಿಂದೆ ನಮ್ಮೂರಲ್ಲೇ ತಾನು ತೆಗೆದಿದ್ದ ಕಲ್ಲುಗಣಿಯ ಸಿನಿಮಾ ಹಾಕಿದ. ಹೋದ ವರ್ಷ ತೀರಿಕೊಂಡ ನಮ್ಮ ಮನೆಯವರು ಗೋಡೆಯ ಮೇಲೆ ಕಲ್ಲು ಸೀಳುತ್ತಿದ್ದರು. ಕೊನೆಗೆ ಅವರ ಹೆಸರು ಬಂತು. ಎಲ್ಲರ ಜೊತೆ ನನ್ನ ಬಾಯಿಯೂ "ಲಾಲಪ್ಪ" ಅಂದಿತು. ಅವರಿದ್ದಾಗ ಒಂದು ದಿನವೂ ನಾನು ಹೆಸರು ಹಿಡಿದು ಕರೆದವಳಲ್ಲ.