ಹೊಸ ಕ್ಯಾಮ್‌ಶಾಫ್ಟೂ ನನ್ನ ಜಾಗ್ರತೆಯೂ

ಕೀಲಿ ತಿರುಗಿಸಿದೊಡನೆ ಕಾರು ಗಡಗಡ ನಡುಗಿ ನಿಂತೇ ಹೋಯಿತು.

"ನೋಡಿದ್ರೇನ್ರಿ ಭಾವ? ದಿನಾ ಮುಂಜಾನಿ ಇದ ಗೋಳು. ಕಂಪ್ಯೂಟರ್ ಟ್ಯೂನಿಂಗ್ ಮಾಡಸ್ರಿ, ಇಲ್ಲಾಂದ್ರ ಹಳೇ ಕ್ಯಾಮ್‌ಶಾಫ್ಟನ್ನ ಹಾಕ್ರಿ," ಎಂದೆ, ಗೆದ್ದವನಂತೆ.

ನಾಚಾರಂನಲ್ಲಿ ಗ್ಯಾರೇಜು ನಡೆಸುವ ಭಾವ, ಇಂಜಿನ್ನು ತುಸು ಚುರುಕಾಗಲೆಂದು ಆಸೆಪಟ್ಟು, ಅದರ ಕವಾಟಗಳನ್ನು ತೆರೆದು ಮುಚ್ಚುವ ಹೊಸ ಕ್ಯಾಮ್‌ಶಾಫ್ಟ್ ಹಾಕಿಕೊಟ್ಟಿದ್ದರು. ಈಗ ಅದನ್ನು ಕಳಚಲೆಂದೇ ಲಿಂಗಂಪಲ್ಲಿಯ ನಮ್ಮ ಮನೆಗೆ ಬಂದಿದ್ದರು, ಮುಖ ಸಣ್ಣದು ಮಾಡಿಕೊಂಡು. ಬಾನೆಟ್ ಎತ್ತಿದವರು ಬ್ಯಾಟರಿಯ ವೈರನ್ನು ಅಲ್ಲಾಡಿಸಿ ನೋಡಿದರು.

"ಇದ್ಯಾಕ ಸಡಲ ಐತಿ?"

"ದಿನಾ ರಾತ್ರಿ ಬಿಚ್ಚಿಟ್ಟು ಮುಂಜಾನಿ ಹಚ್ಚತೀನ್ರಿ. ಬೆಂಕಿ ಗಿಂಕಿ ಹತ್ತಿದ್ರ?"

ಭಾವ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಕ್ಕರು. "ಲೇ, ಇಷ್ಟು ಸಣ್ಣ ಬದಲಾವಣಿಗೆ ಟ್ಯೂನಿಂಗ್ ಬೇಕಾಗಂಗಿಲ್ಲ, ಕಾರಿನ ಕಂಪ್ಯೂಟರ್ ತಾನ ಹೊಂದ್ಕೊಂತೈತಿ. ಅದು ಹಗಲೆಲ್ಲಾ ಕಲಿತದ್ದನ್ನ ನೀ ರಾತ್ರಿ ವೈರ್ ಬಿಚ್ಚಿ ಅಳಸಿ ಹಾಕಾಕತ್ತೀಯಲ್ಲೋ!"

ಅಂದಿನಿಂದ ವೈರನ್ನು ಮುಟ್ಟಿಲ್ಲ; ಕಾರೂ ನಡುಗಿಲ್ಲ. ಹೀಗೆ ಜಾಗ್ರತೆ ಮಾಡಿ ಮಾಡಿಯೇ ನಾನು ಇನ್ನೇನೇನು ಕೆಡಿಸಿರಬಹುದು ಎಂಬ ಕುತೂಹಲವೊಂದು ಉಳಿದಿದೆ. ಹೆಂಡತಿಯನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಕೇಳಲು ಹೆದರಿಕೆ.