ಟವೆಲ್ಲಿನಲ್ಲಿ ಸುತ್ತಿದ ಅವರೆಬೇಳೆ

ಇವತ್ತು ಎರಡು ಲೋಡ್ ಬಟ್ಟೆ ಒಗೆದೆ, ಮಂಜುಗಡ್ಡೆ ಕರಗಲೆಂದು ಡ್ರೈವ್‌ವೇಗೆ ಉಪ್ಪು ಎರಚಿದೆ, ಹಾಲಿಗೆ ಹೆಪ್ಪು ಹಾಕಿದೆ, ಫ್ರೀಜರ್ ಒರೆಸಿದೆ. ಅದರ ತಳದಲ್ಲಿ ಹಿತಕಿದ ಅವರೆಬೇಳೆಯ ಚೀಲವೊಂದು ಸಿಕ್ಕಿತು. ಕೈಗೆ ತಣ್ಣಗೆ ತಾಗಿದ್ದೇ ತಡ, ನಗು ಬಂತು. ಯಾಕೆಂದು ಹೇಳುತ್ತೇನೆ, ನೀವು ಯಾರಿಗೂ ಹೇಳಬೇಡಿ. ಹೇಗೂ ನಮ್ಮ ಇಡೀ ಫಾರ್ಮಿಂಗ್ಟನ್ ಹಿಲ್ಸ್ ಊರಿಗೆ ಗೊತ್ತು.

ಹತ್ತು ವರ್ಷದ ಹಿಂದಿನ ಚಳಿಗಾಲ. ಪಕ್ಕದ ಮನೆಯ ಸುಧಾಳಿಗೆ ಇಬ್ಬರು ಹೆಣ್ಣುಮಕ್ಕಳು, ಎರಡೂ ಸಿಸೇರಿಯನ್. ಮೂರನೆಯದಾದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅವಳ ಅತ್ತೆ ಸೀತಮ್ಮನವರು ಮಾತ್ರ ಮೊಮ್ಮಗನಿಗೆ ಕುಲಾವಿ ಹೆಣೆಯುತ್ತಿದ್ದರು. ಇನ್ನು ಮಕ್ಕಳಾಗದಂತೆ ಸುಧಾ ಆಪರೇಷನ್‌ಗೆ ಹೊರಟಾಗ ಗಂಡ ರಮೇಶ, "ನಿನ್ನ ಎರಡು ಸಲ ಕುಯ್ದಿದಾರೆ, ಈ ಸಲ ನನ್ ಸರದಿ" ಎಂದನಂತೆ.

ಸುಧಾಳಿಗೆ ಇನ್ನೂ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಅವನನ್ನು ಕ್ಲಿನಿಕ್ಕಿನಿಂದ ಕರೆತಂದವಳು ನಾನು. ಐಸ್ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತೆಂದು ಅತ್ತೆಗೆ ಹೇಳುವ ಉಪಾಯವೂ ನನ್ನದೇ. ಬಾವು ಇಳಿಯಲು ಆಪರೇಷನ್ ಆದ ಜಾಗಕ್ಕೆ ಫ್ರೋಜನ್ ಬಟಾಣಿಯ ಚೀಲ ಇಟ್ಟುಕೊಳ್ಳಬೇಕೆಂದು ಕ್ಲಿನಿಕ್ಕಿನ ಚೀಟಿಯಲ್ಲಿತ್ತು. ಅವಸರದಲ್ಲಿ ಅವರ ಫ್ರೀಜರಿಗೆ ಕೈಹಾಕಿ, ಸಿಕ್ಕಿದ್ದನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟೆ.

ಸಂಜೆ ಸೀತಮ್ಮನವರು ಸಾರಿಗೆಂದು ಅವರೆಬೇಳೆ ಹುಡುಕಿದರು. ಎರಡು ದಿನ ಕೂತು ಹಿತಕಿದ್ದು. ಹುಡುಕುತ್ತ ಬಂದವರು ಮಗನ ಮಡಿಲಿನ ಟವೆಲ್ ಎತ್ತಿದರು. ಬೇಳೆಯನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನನ್ನು.

"ಪೆಟ್ಟು ಸೊಂಟಕ್ಕಲ್ವೇನಮ್ಮ?"

ಒಂದು ಸುಳ್ಳು ನನಗೂ ಬರುತ್ತದೆ, ಎರಡನೆಯದು ಬರುವುದಿಲ್ಲ. ಸುಧಾಳೇ ಎಲ್ಲ ಹೇಳಿಬಿಟ್ಟಳು.

ಸೀತಮ್ಮನವರು ಸೋಫಾದ ತುದಿಯಲ್ಲಿ ಕೂತು ಸೊಸೆಗೆ ಹೇಳಿದರು: "ಐದನೇ ಹೆರಿಗೆ ಆದ್ಮೇಲೆ ನಂಗೆ ಮಾಡಿಸಿದ್ರು. ಯಾರೂ ಕೇಳ್ಲಿಲ್ಲ, ಕರ್ಕೊಂಡ್ ಹೋದ್ರು. ಹೊಲಿಗೆ ಬಿಚ್ಚೋಕ್ ಮುಂಚೆ ಕೊಡ ಎತ್ತಿದೆ. ಗಂಡಸ್ರಿಗೂ ಮಾಡ್ತಾರೆ ಅಂತ ನಿಮ್ಮಾವ ಒಂದಿನ ಹೇಳ್ಲಿಲ್ಲ ನೋಡು."

ಆಮೇಲೆ ಚೀಲವನ್ನು ತಾವೇ ಮಗನ ಮಡಿಲಿಗೆ ಸರಿಯಾಗಿಟ್ಟು, "ಇಟ್ಕೊಳಪ್ಪ. ಇನ್ನು ಇದನ್ನ ಯಾರೂ ತಿನ್ನಲ್ಲ" ಎಂದರು. ಕುಲಾವಿಯನ್ನೂ ಮುಗಿಸಿದರು, ಕಿರಿಯವಳ ಗೊಂಬೆಗೆ.

ಇವತ್ತು ಊಟಕ್ಕೆ ಕೂತಾಗ ಅದನ್ನೇ ನೆನೆದು ನಕ್ಕೆವು. ನಕ್ಕು ಮುಗಿದ ಮೇಲೆ ನಮ್ಮವರು ಕೇಳಿದರು: "ನಿಂಗೆ ಆಪರೇಷನ್ ಆದಾಗ ನಾನೆಲ್ಲಿದ್ದೆ?"

"ಡಿಯರ್‌ಬಾರ್ನ್ ಆಫೀಸಿನಲ್ಲಿ. ಮೀಟಿಂಗು."

ಅವರು ನನ್ನ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದರು. ತಿಂದದ್ದು ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಇನ್ನೂ ಕೇಳುತ್ತಿದ್ದಾಗಲೇ, ದಿನಾ ಕೊನೆಗೆ ಮಲಗುವ ನಾನು ಇವತ್ತು ಮೊದಲು ಮಲಗಿದೆ.